ನಾಲ್ಕನೆಯ ಸಂಪುಟ ಮತ್ತು ಶರಣಮ್ಮನ ಕೈ

ಯಾವ ಪುಸ್ತಕ ಕೈಗೆ ಬಂದರೂ ನಾನು ಅದನ್ನು ಹಿಂದಿನಿಂದ ತೆರೆಯುತ್ತೇನೆ. ಇಷ್ಟು ವರ್ಷ ಗ್ರಂಥಪಾಲಕನಾಗಿ ದುಡಿದವನಿಗೆ ಇದೆಂಥ ಚಟ ಎಂದು ಕೇಳಿದವರಿಗೆ, ಆಕರ ಗ್ರಂಥಗಳಲ್ಲಿ ಪದಸೂಚಿ ಕೊನೆಗಿರುತ್ತದೆ, ತಿಳಿದವರು ಅದನ್ನೇ ಮೊದಲು ನೋಡುತ್ತಾರೆ ಎಂದು ಗಂಭೀರವಾಗಿ ಹೇಳಿ ಬಾಯಿ ಮುಚ್ಚಿಸುತ್ತೇನೆ. ನಿಮ್ಮ ಹತ್ತಿರ ಸುಳ್ಳೇಕೆ? ನಿಜವಾದ ಕಾರಣ ನಮ್ಮ ಮುತ್ಯಾ.

ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ, ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತವರು. ಮಾದನಹಿಪ್ಪರಗಾದ ನಮ್ಮ ಮನೆಯ ಪಡಸಾಲೆಯಲ್ಲಿ ತೊಗರಿ ಚೀಲಗಳಿಗೆ ಬೆನ್ನು ಕೊಟ್ಟು ಕೂತು ಅವರು ತೆರೆಯುತ್ತಿದ್ದ ದಪ್ಪ ಉರ್ದು ನಿಘಂಟೇ ನಾನು ಕಂಡ ಮೊದಲ ಪುಸ್ತಕ. ಅದು ಕನ್ನಡ ಪುಸ್ತಕದ ಕೊನೆಯ ಪುಟ ಇರುವ ಕಡೆಯಿಂದ ತೆರೆದುಕೊಳ್ಳುತ್ತಿತ್ತು. ಪುಸ್ತಕವೆಂದರೆ ಹಾಗೆಯೇ ಎಂದು ನಾನು ನಂಬಿದೆ. ಶಾಲೆಯಲ್ಲಿ ಮೊದಲ ಸಲ ಕನ್ನಡ ಪುಸ್ತಕ ಕೊಟ್ಟಾಗ ಕೊನೆಯ ಪುಟದಿಂದ ಶುರು ಹಚ್ಚಿದೆ. ಮಾಸ್ತರರು ತಲೆಗೊಂದು ಮೊಟಕಿ, "ಲೇ, ಹಿಂದ್ಯಾವುದು ಮುಂದ್ಯಾವುದು ಗೊತ್ತಾಗಂಗಿಲ್ಲೇನು ನಿನಗ?" ಎಂದರು. ಗೊತ್ತಾಗುವಷ್ಟರಲ್ಲಿ ಚಟ ಅಂಟಿಬಿಟ್ಟಿತ್ತು.

ಹೊಲಮನೆಯ ಹಳೆಯ ಉರ್ದು ಕಾಗದಗಳನ್ನು ಹಿಡಿದು ಊರವರು ಮುತ್ಯಾನ ಹತ್ತಿರ ಬರುತ್ತಿದ್ದರು. ಒಂದು ಶಬ್ದದ ಅರ್ಥದ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದೂ ಉಂಟು. ಮುತ್ಯಾ ಮೂಗಿಗೆ ಚಾಳೀಸು ಏರಿಸಿ, ನಿಘಂಟು ತೆರೆದು, ಬೆರಳಿಟ್ಟು ಓದಿ, "ಹಿಂಗದ ನೋಡ್ರಪ್ಪ" ಎಂದರೆ ಜಗಳ ತಣ್ಣಗಾಗುತ್ತಿತ್ತು. ಯಾರೋ ಒಮ್ಮೆ ಎರಡು ದಿನಕ್ಕೆ ಆ ಪುಸ್ತಕ ಕೇಳಿದ್ದಕ್ಕೆ ಮುತ್ಯಾ, "ಇದು ಮನಿ ಹೊಸ್ತಿಲ ದಾಟಂಗಿಲ್ಲ. ಬೇಕಾದ್ರ ನೀವ ಬರ್ರಿ, ಚಾ ಕುಡೀರಿ, ನೋಡಿಕೊಂಡು ಹೋಗ್ರಿ" ಎಂದಿದ್ದರು. ಮುಂದೆ ನಾನು ಅಫಜಲಪುರದ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿ, 'ಪರಾಮರ್ಶನ ಗ್ರಂಥ, ಹೊರಗೆ ಒಯ್ಯುವಂತಿಲ್ಲ' ಎಂಬ ಕೆಂಪು ಮುದ್ರೆಯನ್ನು ಸಾವಿರಾರು ಪುಟಗಳ ಮೇಲೆ ಒತ್ತಿದೆ. ಮುತ್ಯಾನ ಮನೆಯಲ್ಲಿ ಚಹಾ ಸಿಗುತ್ತಿತ್ತು, ನನ್ನಲ್ಲಿ ಅದೂ ಇಲ್ಲ. ಅಷ್ಟೇ ಫರಕು.

ಆ ಮುದ್ರೆ ಹೊತ್ತ ಪುಸ್ತಕಗಳಲ್ಲೆಲ್ಲ ವಿಚಿತ್ರವಾದದ್ದೆಂದರೆ ನಾಲ್ಕು ಸಂಪುಟಗಳ ಒಂದು ವಿಶ್ವಕೋಶ. ಅದು ಬಂದದ್ದೇ ನನ್ನ ಇಂಗ್ಲಿಷಿನ ಕೃಪೆಯಿಂದ. ಕನ್ನಡ ವಿಭಾಗದ ಗುರುಲಿಂಗಪ್ಪ ಸರ ಜಾನಪದದ ಆಕರ ಗ್ರಂಥಗಳು ಬೇಕೆಂದು ಬರೆದುಕೊಟ್ಟಿದ್ದರು. ಪುಸ್ತಕದವರ ಪಟ್ಟಿಯ ಇಕ್ಕಟ್ಟಾದ ಕಾಲಮ್ಮಿನಲ್ಲಿ 'ಪಾಪ್ಯುಲರ್ ಕಲ್ಚರ್' ಎಂದು ಕಂಡಿತು. ಜನರದ್ದೇ ಸಂಸ್ಕೃತಿ ತಾನೆ, ಜಾನಪದವೇ ಇರಬೇಕೆಂದು ಗುರುತು ಹಾಕಿದೆ. ಹೆಸರು ಅಲ್ಲಿಗೇ ಕತ್ತರಿಸಿಹೋಗಿತ್ತು, ಮುಂದೆ 'ಅಮೆರಿಕ' ಎಂದಿದೆ ಎಂಬುದು ಪೆಟ್ಟಿಗೆ ಒಡೆದು ಮುದ್ರೆ ಒತ್ತಿ ಮುಗಿಸಿದ ಮೇಲೆಯೇ ತಿಳಿದದ್ದು.

ಗುರುಲಿಂಗಪ್ಪ ಸರ ಮೊದಲ ಸಂಪುಟ ತೆರೆದು ನೋಡಿ, ನನ್ನನ್ನು ನೋಡಿ, ಮತ್ತೆ ಸಂಪುಟ ನೋಡಿದರು. "ನಾ ಡೊಳ್ಳಿನ ಪದ ಕೇಳಿದ್ನಿ ಮಾರಾಯಾ. ನೀವು ಡಿಸ್ಕೋ ತರಿಸೀರಿ."

"ಹೊಳ್ಳಿಸಿ ಕಳಿಸ್ಲೇನ್ರಿ?" ಎಂದೆ.

"ಮುದ್ರಿ ಒತ್ತೀರಲ್ರಿ, ಈಗ ಯಾವ ಮಾರಿ ಇಟ್ಟುಕೊಂಡು ಕಳಿಸ್ತೀರಿ?"

ಹೀಗೆ ಆ ನಾಲ್ಕು ಸಂಪುಟ ನಮ್ಮಲ್ಲೇ ಉಳಿದವು. ಇಂದು ಎಲ್ಲರ ಜೇಬಿನಲ್ಲೂ ಒಂದೊಂದು ವಿಶ್ವಕೋಶ ಮಿಣಮಿಣ ಎನ್ನುತ್ತಿರುವಾಗ ಅವನ್ನು ಮುಟ್ಟುವವರು ಯಾರು? ವಿದ್ಯಾರ್ಥಿಗಳು ಮುಟ್ಟಲಿಲ್ಲ. ಆದರೆ ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಾಗ ನಾನೂ ಗುರುಲಿಂಗಪ್ಪನವರೂ ಅವನ್ನು ತಿರುವಲು ಹತ್ತಿದೆವು. ಚೂಯಿಂಗ್ ಗಮ್ಮಿನ ಬಗ್ಗೆ ಮೂರು ಪುಟ! ಯಾರು ಮೊದಲು ಅಗಿದರು, ಯಾವ ಶಾಲೆಯಲ್ಲಿ ನಿಷೇಧ, ಅಗಿದು ಎಲ್ಲಿ ಅಂಟಿಸುತ್ತಿದ್ದರು, ಎಲ್ಲ. ಮಕ್ಕಳು ಶಾಲೆಗೆ ಒಯ್ಯುವ ಡಬ್ಬಿ, ಕಾರಿನಲ್ಲೇ ಕೂತು ನೋಡುವ ಸಿನೆಮಾ, ಹಗ್ಗದಾಟದ ಹಾಡು, ಅಂಗಳದ ಖುರ್ಚಿ, ಹೀಗೆ ಒಂದನ್ನೂ ಬಿಟ್ಟಿರಲಿಲ್ಲ. ಮೊದಮೊದಲು ನಗು ಬರುತ್ತಿತ್ತು. ಬರಬರುತ್ತ ನಗು ಕಡಿಮೆಯಾಗಿ ಹೊಟ್ಟೆಯಲ್ಲಿ ಏನೋ ಒಂದು ಕಿಚ್ಚು ಹತ್ತಿತು.

"ಅಗದು ಉಗಳೋದಕ್ಕ ಮೂರು ಪುಟ ಬರದಾರ" ಎಂದು ಗುರುಲಿಂಗಪ್ಪ ಸರ ಒಂದು ದಿನ ನಿಟ್ಟುಸಿರಿಟ್ಟರು. "ನಮ್ಮ ಚುರಮುರಿ ಸುಸಲಾಕ, ಹಬ್ಬದ ಸಿಹಿ ಮಾಲ್ದಿಗೆ, ಟಂಟಂ ಆಟೋದ ಹಿಂದ ಬರಿಯೋ ಮಾತಿಗೆ ಯಾರರ ಮೂರು ಸಾಲು ಬರದಾರೇನ್ರಿ?"

ಕಾಲೇಜಿನ ವಾರ್ಷಿಕ ಸಂಚಿಕೆಯ ಸಂಪಾದಕರು ಅವರೇ. ಆ ವರ್ಷದ ಸಂಚಿಕೆ 'ನಮ್ಮ ತಾಲೂಕಿನ ಪುಟ್ಟ ವಿಶ್ವಕೋಶ' ಆಗಬೇಕು, ಅಮೆರಿಕದವರ ಮಾದರಿಯಲ್ಲೇ ಒಬ್ಬೊಬ್ಬರು ಒಂದೊಂದು ನಮೂದು ಬರೆಯಬೇಕು ಎಂದು ನಿರ್ಧರಿಸಿಬಿಟ್ಟರು. ತಾವು ಟೆಂಟ್ ಸಿನೆಮಾ ಹಿಡಿದುಕೊಂಡರು. ನನಗೆ ಏನೂ ಹೊಳೆಯಲಿಲ್ಲ. ಹೊಳೆಯಿಸಿದವರು ಶರಣಮ್ಮ.

ಶರಣಮ್ಮ ನಮ್ಮ ಗ್ರಂಥಾಲಯದ ಅಟೆಂಡರ್. ಜೇವರ್ಗಿ ಕಡೆಯ ಹಳ್ಳಿ ಅವರ ತವರು, ಮದುವೆಯಾಗಿ ಬಂದದ್ದು ಅಫಜಲಪುರಕ್ಕೆ. ನಮ್ಮ ಕಾಲೇಜಿನಲ್ಲೇ ಜವಾನನಾಗಿದ್ದ ಗಂಡ ತೀರಿಕೊಂಡ ಮೇಲೆ ಆ ಕೆಲಸ ಅವರಿಗೆ ಸಿಕ್ಕಿತ್ತು. ಮಕ್ಕಳಿಲ್ಲ. ನಾಲ್ಕನೆಯ ತರಗತಿವರೆಗೆ ಓದಿದ್ದರು. ಕನ್ನಡವನ್ನು ಬೆರಳು ಸರಿಸುತ್ತ, ತುಟಿ ಅಲುಗಿಸುತ್ತ, ಒಂದಕ್ಷರವನ್ನೂ ಹಾರಿಸದೆ ಓದುತ್ತಿದ್ದರು. ನಮ್ಮ ಎಂ.ಎ. ವಿದ್ಯಾರ್ಥಿಗಳಿಗಿಲ್ಲದ ಶ್ರದ್ಧೆ.

ಅಂದು ಅವರು ನಾಲ್ಕನೆಯ ಸಂಪುಟದ ಧೂಳು ಹೊಡೆಯುತ್ತಿದ್ದವರು ಪುಟ ತೆರೆದು ನಿಂತುಬಿಟ್ಟರು. "ಸರ, ಈ ಬಿಳಿ ಹೆಣ್ಮಗಳು ನಮ್ಮಂಗ ಹಚ್ಚಿ ಹಾಕಿಸಿಕೊಂಡಾಳಲ್ರಿ!"

ಹೋಗಿ ನೋಡಿದೆ. ಹಚ್ಚೆಯ ನಮೂದು. ಹಳೆಯ ಕಾಲದ ಸರ್ಕಸ್ಸಿನಲ್ಲಿ ಮೈತುಂಬ ಹಚ್ಚೆ ಹೊಯ್ಸಿಕೊಂಡು ಪ್ರದರ್ಶನಕ್ಕೆ ನಿಲ್ಲುತ್ತಿದ್ದ ಹೆಂಗಸಿನ ಚಿತ್ರ. ನಾನು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಅಲ್ಲಿ ಮೊದಲು ಹಡಗಿನವರು, ಜೈಲಿನವರು, ಸರ್ಕಸ್ಸಿನವರು ಹಾಕಿಸಿಕೊಳ್ಳುತ್ತಿದ್ದರಂತೆ, ಮರ್ಯಾದಸ್ಥರು ಮುಖ ತಿರುಗಿಸುತ್ತಿದ್ದರಂತೆ, ಆಮೇಲೆ ಹುಡುಗ ಹುಡುಗಿಯರ ಫ್ಯಾಶನ್ ಆಯಿತಂತೆ.

"ಜೇಲಿನ ಮಂದಿ?" ಶರಣಮ್ಮ ಮೂಗಿನ ಮೇಲೆ ಬೆರಳಿಟ್ಟರು. "ಹಚ್ಚಿ ಇಲ್ಲದಾಕಿ ಕೈಲೆ ನಮ್ಮತ್ತಿ ನೀರ ಸೈತ ಕುಡೀತಿದ್ದಿಲ್ರಿ. ಸತ್ತಾಗ ಸಂಗಾಟ ಬರೋದು ಅದೊಂದ ಅಂತಿದ್ರು." ಆಮೇಲೆ ಚಿತ್ರವನ್ನು ಮತ್ತೆ ನೋಡಿ, "ಈಕಿ ಹೆಸರೇನ್ರಿ?" ಎಂದರು.

ಚಿತ್ರದ ಕೆಳಗೆ 'ಹಚ್ಚೆಯ ಹೆಂಗಸು' ಎಂದಷ್ಟೇ ಇತ್ತು. ಪದಸೂಚಿ ನೋಡಿದೆ, ಅಲ್ಲಿಯೂ ಇಲ್ಲ. ಲೇಖನದ ತುದಿಗೆ ಬರೆದವನ ಹೆಸರು ಮಾತ್ರ ಉದ್ದಕ್ಕಿತ್ತು.

"ಬರದಾತನ ಹೆಸರು ಅದ. ಮೈತುಂಬ ಬರಿಸಿಕೊಂಡಾಕಿ ಹೆಸರು ಇಲ್ಲ. ಇಷ್ಟು ದೊಡ್ಡ ಪುಸ್ತಕದಾಗ ಜಾಗ ಸಿಗಲಿಲ್ಲೇನ್ರಿ?"

"ಆಕರ ಗ್ರಂಥದಾಗ ಹಂಗ ಇರ್ತದ ಶರಣಮ್ಮ" ಎಂದೆ, ದೊಡ್ಡ ತಿಳಿದವನ ಹಾಗೆ.

ಆ ಮಧ್ಯಾಹ್ನ ಅವರು ಸೆರಗು ಸರಿಸಿ ತಮ್ಮ ಎಡಗೈ ತೋರಿಸಿದರು. ಮಣಿಕಟ್ಟಿನಿಂದ ಮೊಳಕೈವರೆಗೆ ಹಸಿರು ಗೆರೆಗಳು. ತುಳಸಿಕಟ್ಟೆ, ಚೇಳು, ಮಲ್ಲಿಗೆಯ ಮೊಗ್ಗು. ಹತ್ತು ವರ್ಷದವರಿದ್ದಾಗ ತವರಿನ ಕಟ್ಟೆಯ ಮೇಲೆ ಕೂರಿಸಿ ಹಾಕಿಸಿದ್ದಂತೆ. ವರ್ಷಕ್ಕೊಮ್ಮೆ ಬರುತ್ತಿದ್ದ ಹೆಂಗಸು ಮೂರು ಸೂಜಿ ಒಟ್ಟಿಗೆ ಕಟ್ಟಿ, ದೀಪದ ಮಸಿಗೆ ಸೊಪ್ಪಿನ ರಸ ಕಲಸಿ, ನೋವು ಮರೆಯಲೆಂದು ಒಗಟು ಹೇಳುತ್ತ ಚುಚ್ಚುತ್ತಿದ್ದಳಂತೆ. ಮೊಳಕೈ ಹತ್ತಿರ ಬಂದಾಗ ನೋವು ತಾಳದೆ ಇವರು ಊರು ಕೇಳುವಂತೆ ಕಿರುಚಿದರು. ಅವ್ವ, "ಸಾಕು ಬಿಡವ್ವ" ಎಂದು ಕೈ ಬಿಡಿಸಿದಳು.

"ಅದಕ್ಕ ನೋಡ್ರಿ, ಇದು ಹಿಂಗ ಉಳೀತು." ಮೊಳಕೈ ಕೆಳಗಿನ ಒಂದು ಗುರುತಿನ ಮೇಲೆ ಬೆರಳಿಟ್ಟರು. "ತೊಟ್ಟಲ. ಒಂದ ಹಗ್ಗ ಹಾಕ್ಯಾಳ, ಇನ್ನೊಂದು ಬಿಟ್ಟಾಳ. ಮದುವ್ಯಾಗಿ ಬಂದು ಐದು ವರ್ಷ ಆದ್ರೂ ನನಗ ಏನೂ ಆಗಲಿಲ್ಲಲ್ರಿ, ನಮ್ಮತ್ತಿ ಈ ಕೈ ಹಿಡಿದು ಬಂದವರಿಗೆಲ್ಲ ತೋರಿಸಾಕ ಹತ್ತಿದ್ಲು. ಶರಣವ್ವನ ತೊಟ್ಟಲ ಹರದದ, ಕೂಸು ಎಲ್ಲಿ ಮಲಗಬೇಕು, ಅಂತ."

ಇದನ್ನು ಅವರು ಅಳುತ್ತ ಹೇಳಲಿಲ್ಲ. ಹಳೆಯ ಬಸ್ಸಿನ ವೇಳೆ ಹೇಳಿದಂತೆ ಹೇಳಿದರು. ಹೇಳಿ, ಧೂಳಿನ ಬಟ್ಟೆ ಎತ್ತಿಕೊಂಡು ಹೋದರು.

ನನಗೆ ನಮೂದು ಸಿಕ್ಕಿತು! ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ, ಆ ಹೊತ್ತಿಗೆ ನನಗಾದದ್ದು ಬರೀ ಆ ಸಂತೋಷ. ಮರುದಿನ, "ಕೈಯ ಫೋಟೋ ತಗೋತೇನಿ, ನಡೀತದೇನ್ರಿ?" ಎಂದು ಕೇಳಿದೆ. ಅದರ ಮರುದಿನ ಶರಣಮ್ಮ ಇಳಕಲ್ಲ ಸೀರೆ ಉಟ್ಟು, ನೀಟಾಗಿ ತಲೆ ಬಾಚಿಕೊಂಡು ಬಂದರು. ನಾನು ಮೊಬೈಲು ಕೈಗೆ ಹತ್ತಿರ ಹಿಡಿದೆ.

"ಕೈ ಅಷ್ಟ ಏನ್ರಿ? ಮಾರಿ ಬ್ಯಾಡೇನ್ರಿ?"

"ಹಚ್ಚೆ ಕಂಡ್ರ ಸಾಕು ಶರಣಮ್ಮ."

ನಮೂದು ಬರೆದೆ. ಆ ನಾಲ್ಕು ಸಂಪುಟಗಳ ಶೈಲಿ ನನ್ನ ಮೈಗೆ ಹತ್ತಿಹೋಗಿತ್ತು. 'ಭಾವಿಸಲಾಗುತ್ತಿತ್ತು', 'ಕಂಡುಬರುತ್ತದೆ' ಎಂದು ಬರೆಯುವಾಗ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಕೊನೆಗೆ ಅವರಂತೆಯೇ 'ಇವನ್ನೂ ನೋಡಿ: ಕುಂಕುಮ, ಬಳೆ' ಎಂದು ಸೇರಿಸಿದೆ, ಅಂಥ ನಮೂದುಗಳನ್ನು ಯಾರೂ ಬರೆದಿರದಿದ್ದರೂ. ಅದರ ಕೆಳಗೆ ನನ್ನ ಪೂರ್ತಿ ಹೆಸರು, ಪದವಿ ಸಮೇತ. ಫೋಟೋದ ಅಡಿಯಲ್ಲಿ 'ಗ್ರಾಮೀಣ ಮಹಿಳೆಯೊಬ್ಬರ ತೋಳು'.

ಸಂಚಿಕೆ ಅಚ್ಚಾಗಿ ಬಂದು ಕಟ್ಟುಗಳು ನಮ್ಮ ಗ್ರಂಥಾಲಯದಲ್ಲೇ ಇಳಿದವು. ಶರಣಮ್ಮ ಒಂದು ಪ್ರತಿ ತೆಗೆದುಕೊಂಡು ವರಾಂಡದಲ್ಲಿ ಕೂತರು. ಕಿಟಕಿಯಿಂದ ಕಾಣುತ್ತಿತ್ತು, ಬೆರಳು ನಿಧಾನವಾಗಿ ಸರಿಯುತ್ತಿದ್ದದ್ದು. ಬಹಳ ಹೊತ್ತಾದ ಮೇಲೆ ಒಳಗೆ ಬಂದು ಪ್ರತಿಯನ್ನು ಕಟ್ಟಿನಲ್ಲೇ ಮರಳಿ ಇಟ್ಟರು. ಸೆರಗನ್ನು ಎಡಗೈ ಮೇಲೆ ಪೂರಾ ಎಳೆದುಕೊಂಡಿದ್ದರು.

ಮೂರು ದಿನ ಅವರು ನನ್ನ ಹತ್ತಿರ ಆಡಿದ್ದು ಎರಡೇ ಮಾತು, 'ಹೌದ್ರಿ' ಮತ್ತು 'ಇಲ್ರಿ'. ನಾಲ್ಕನೆಯ ದಿನ ನನ್ನ ಮೇಜಿನ ಎದುರು ಬಂದು ನಿಂತರು.

"ಸರ, ಅಪೂರ್ಣ ಅಂದ್ರೇನ್ರಿ? ಅಶುಭ ಅಂದ್ರ ಗೊತ್ತದ."

ನಾನು ಬರೆದ ವಾಕ್ಯ ನನಗೆ ಬಾಯಿಪಾಠವಿತ್ತು. 'ಇಂಥ ಅಪೂರ್ಣ ವಿನ್ಯಾಸಗಳನ್ನು ಅಶುಭವೆಂದು ಭಾವಿಸಲಾಗುತ್ತಿತ್ತು.' ಬರೆದಾಗ ಎಷ್ಟು ಚೆಂದ ಕಂಡಿತ್ತು! "ಪೂರ್ತಿ ಆಗದ್ದು" ಎಂದೆ.

ಅವರು ತಲೆಯಾಡಿಸಿದರು. "ನಮ್ಮತ್ತಿನೂ ಇದನ್ನ ಅಂತಿದ್ಲು. ಆದ್ರ ಆಕಿ ನನ್ನ ಹೆಸರು ಹಿಡದು ಅಂತಿದ್ಲ್ರಿ."

ಅಷ್ಟು ಹೇಳಿ ಅವರು ಕಪಾಟಿನ ಕಡೆ ಹೋದರು. ಸರ್ಕಸ್ಸಿನ ಹೆಂಗಸಿನ ಹೆಸರು ಅವರು ಕೇಳಿದಾಗ ನಾನು ಕೊಟ್ಟ ಉತ್ತರವೇ ನನಗೆ ಎದುರು ಬಂದು ನಿಂತಿತು. ಒಬ್ಬರು ನನ್ನನ್ನು ನಂಬಿ ತೋರಿಸಿದ ಗಾಯವನ್ನು ನಾನು 'ನಂಬಿಕೆ' ಎಂದು ಹೆಸರಿಟ್ಟು ಊರಿಗೆಲ್ಲ ಹಂಚಲು ಕಟ್ಟು ಕಟ್ಟಿ ಇಟ್ಟಿದ್ದೆ.

ಸಂಜೆ ಬಾಗಿಲು ಹಾಕುವ ಮುಂಚೆ ಅವರ ಹತ್ತಿರ ಹೋದೆ. "ತಪ್ಪಾಗ್ಯಾದ ಶರಣಮ್ಮ. ಪುಸ್ತಕ ಇನ್ನೂ ಹಂಚಿಲ್ಲ. ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ ಎಲ್ಲಾ ಪ್ರತಿಗೂ ಅಂಟಿಸ್ತೇನಿ. ನಿಮ್ಮ ಹೆಸರು ಬರೀತೇನಿ. ಆ ಸಾಲು ಮುಚ್ಚಿಹೋಗ್ತದ."

ಅವರು ಬೀಗದ ಕೈಗೊಂಚಲನ್ನು ಸ್ವಲ್ಪ ಹೊತ್ತು ತಿರುವಿದರು. "ನನ್ನ ಹೆಸರು ಹಾಕೋದಾದ್ರ, ಹಾಕಿದಾಕಿ ಹೆಸರೂ ಹಾಕ್ರಿ. ಆಕೀದ ಕೆಲಸ ಅಲ್ಲೇನ್ರಿ ಅದು?"

"ಏನು ಆಕಿ ಹೆಸರು?"

ಶರಣಮ್ಮ ಸಣ್ಣಗೆ, "ನಾನೂ ಕೇಳಿಲ್ಲಲ್ರಿ ಸರ. ಹಚ್ಚಿ ಹಾಕಾಕಿ ಬಂದ್ಲು ಅಂತ ಅಷ್ಟ ಅಂತಿದ್ವಿ" ಎಂದರು.

ಮುಂದಿನ ಭಾನುವಾರ ನಾವಿಬ್ಬರೂ ಬಸ್ಸಿನಲ್ಲಿ ಚೌಡಾಪುರಕ್ಕೆ ಹೋಗಿ, ಅಲ್ಲಿಂದ ಟಂಟಂ ಹಿಡಿದು ಗಾಣಗಾಪುರಕ್ಕೆ ಹೊರಟೆವು. ಜೇವರ್ಗಿ ಕಡೆ ತಿರುಗುತ್ತಿದ್ದ ಹಚ್ಚೆಯವರ ಮನೆತನಗಳು ಈಗ ಅಲ್ಲಿ ಗುಡಿಯ ದಾರಿಯಲ್ಲಿ ಕೂರುತ್ತವೆ ಎಂದು ಶರಣಮ್ಮನ ತಮ್ಮ ಫೋನಿನಲ್ಲಿ ಹೇಳಿದ್ದ. ದತ್ತನ ದರ್ಶನಕ್ಕೆ ಮಹಾರಾಷ್ಟ್ರದಿಂದ ಬಂದವರ ಗದ್ದಲದ ನಡುವೆ, ಹೂವು ತೆಂಗಿನಕಾಯಿಯ ಅಂಗಡಿಗಳ ಸಾಲಿನಲ್ಲಿ, ಹಚ್ಚೆಯ ಬ್ಯಾಟರಿ ಯಂತ್ರ ಇಟ್ಟುಕೊಂಡು ಕೂತಿದ್ದವರನ್ನು ಕೇಳುತ್ತ ಹೋದೆವು. ವಯಸ್ಸಾದ ಯಾರಾದರೂ ಇದ್ದಾರೆಯೇ ಎಂದಾಗ ಎಲ್ಲರೂ ತೋರಿಸಿದ್ದು ಕಾಶಿಬಾಯಿಯನ್ನು.

ಕಾಶಿಬಾಯಿಗೆ ಅರವತ್ತರ ಹತ್ತಿರ ಇರಬಹುದು. ಮುಂದೆ ಒಂದು ಆಲ್ಬಮ್ಮು, ಅದರಲ್ಲಿ ನಂಬರು ಹಾಕಿದ ಚಿತ್ರಗಳು. ಹದ್ದು, ತ್ರಿಶೂಲ, ಪಾದುಕೆ, ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಗಿಯರ ಹೆಸರು. ಗ್ರಂಥಪಾಲಕನ ಕೈ ಸುಮ್ಮನಿರಲಿಲ್ಲ, ಅದನ್ನೂ ಎತ್ತಿ ತಿರುವಿದೆ. ಒಳ್ಳೆಯ ಆಕರ ಗ್ರಂಥವೇ ಅದು, ಪುಟ ಜಿಡ್ಡುಗಟ್ಟಿದ್ದರೂ ವಿಂಗಡಣೆ ನನ್ನದಕ್ಕಿಂತ ಅಚ್ಚುಕಟ್ಟು.

ಶರಣಮ್ಮ ಕೈ ಚಾಚಿ, "ಇದು ಯಾರ ಕೆಲಸ ಅಂತ ಹೇಳ್ತೀರೇನ್ರಿ?" ಎಂದರು. ಊರು ಹೇಳಿದರು, ಯಾವ ಕಾಲ ಎಂದು ಹೇಳಿದರು, ಒಗಟಿನ ವಿಷಯ ಹೇಳಿದರು.

ಕಾಶಿಬಾಯಿ ಹೆಬ್ಬೆರಳಿನಿಂದ ಗೆರೆಗಳನ್ನು ಸವರುತ್ತ ಮೇಲಕ್ಕೆ ಬಂದಳು. "ಆ ಕಡಿ ಊರು ನಮ್ಮವ್ವನ ಪಾಲಿಗಿದ್ವಕ್ಕ. ಆಕೀನೂ ಒಗಟ ಹೇಳ್ತಿದ್ಲು. ಆಕೀದ ಇರಬಹುದು. ಖಾತ್ರಿ ಹೆಂಗ ಹೇಳ್ಲಿ? ನಮ್ಮ ದೊಡ್ಡವ್ವ, ಚಿಗವ್ವ ಎಲ್ಲಾರೂ ಇದ ಗೆರಿ ಹಾಕ್ತಿದ್ರು." ಮೊಳಕೈ ಹತ್ತಿರ ಬೆರಳು ನಿಂತಿತು. "ನೆಲುವು ಚಲೋ ಬಂದದ ನೋಡು."

"ಏನಂದ್ರಿ?" ಶರಣಮ್ಮ ಕೇಳಿದರು.

"ನೆಲುವು. ಹಾಲು ಮೊಸರಿನ ಗಡಿಗಿ ಇಡೋ ನೆಲುವು."

"ಅದು ತೊಟ್ಟಲ. ಅರ್ಧಕ್ಕ ಬಿಟ್ಟದ್ದು. ಇನ್ನೊಂದು ಹಗ್ಗ ಹಾಕಾಕ ನಾ ಬಿಡಲಿಲ್ಲ, ಚೀರಿಬಿಟ್ಟೆ."

ಕಾಶಿಬಾಯಿ ನಕ್ಕಳು. "ಯಾರು ಹೇಳ್ಯಾರಕ್ಕ ನಿಂಗ? ತೊಟ್ಟಲಕ್ಕ ನಾಕು ಕಾಲು ಹಾಕ್ತೇವಿ, ನಡುವ ಕೂಸಿನ ಚುಕ್ಕಿ ಇಡ್ತೇವಿ. ಇಲ್ಲಿ ನೋಡು, ಕೆಳಗ ಗಡಿಗಿ, ಸುತ್ತ ಮೂರು ಎಳಿ, ಮ್ಯಾಲ ಗಂಟು, ಗಂಟಿನಿಂದ ಒಂದ ಹಗ್ಗ ತೊಲಿಗೆ. ನೆಲುವಿಗೆ ಎರಡು ಹಗ್ಗ ಯಾರ ಮನ್ಯಾಗ ಕಂಡೀ? ಹೋದ ಮನ್ಯಾಗ ಹಾಲು ಮೊಸರಿಗೆ ಬರ ಬರಬಾರದು ಅಂತ ಹಾಕ್ತಿದ್ವಿ. ಇದು ಮುಗದದ್ದ ಅದ. ನೀ ಚೀರಿದ್ದು ಮುಗದ ಮ್ಯಾಲ."

ಶರಣಮ್ಮ ತಮ್ಮ ಕೈಯನ್ನು ಕಣ್ಣ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಗಿರಾಕಿಯೊಬ್ಬ ಬಂದು ಆಲ್ಬಮ್ಮು ಎತ್ತಿಕೊಂಡ. ಅವರು ಅಲ್ಲೇ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ನೀರಿನ ಬಾಟಲಿ ಕೊಟ್ಟೆ. ಕುಡಿಯಲಿಲ್ಲ, ಕೈಯಲ್ಲಿ ಹಿಡಿದುಕೊಂಡರು.

"ಕೇಳಿದ್ರ ಹೇಳ್ತಿದ್ಲಲ್ರಿ ಸರ ಆಕಿ" ಎಂದರು. "ವರ್ಷಾ ಬರ್ತಿದ್ಲು. ಒಬ್ಬರೂ ಕೇಳಲಿಲ್ಲ."

ಏಳುವ ಮುಂಚೆ ಕಾಶಿಬಾಯಿಯ ಅವ್ವನ ಹೆಸರು ಕೇಳಿದರು. ದುರ್ಗವ್ವ. ತೀರಿಕೊಂಡು ಬಹಳ ವರ್ಷವಾಯಿತಂತೆ. ಮರಳಿ ಬರುವಾಗ ಚೌಡಾಪುರದಲ್ಲಿ ಇಳಿದು ಮಿರ್ಚಿ ಭಜಿ ತಿಂದು ಚಹಾ ಕುಡಿದೆವು. ಶರಣಮ್ಮ ಸೆರಗನ್ನು ಎಡಗೈಯಿಂದ ಸರಿಸಿದ್ದರು. ಎದುರಿಗೆ ಕೂತಿದ್ದ ಹುಡುಗಿಯೊಬ್ಬಳು ಆ ಕೈಯನ್ನೇ ನೋಡುತ್ತಿದ್ದಳು. ಶರಣಮ್ಮ ತಾವಾಗಿಯೇ, "ನೆಲುವು" ಎಂದರು.

ಸೋಮವಾರ ಚೀಟಿಯ ಕರಡು ಬರೆದೆ. 'ಚಿತ್ರದಲ್ಲಿರುವುದು ನಮ್ಮ ಗ್ರಂಥಾಲಯದ ಶರಣಮ್ಮನವರ ಕೈ. ಮೊಳಕೈ ಬಳಿಯ ವಿನ್ಯಾಸ ನೆಲುವು. ಅದು ಪೂರ್ಣವಾಗಿದೆ. ಅಪೂರ್ಣವೆಂದು ಬರೆದದ್ದು ನನ್ನ ತಪ್ಪು. ಹಚ್ಚೆ ಹಾಕಿದವರು ದುರ್ಗವ್ವ' ಎಂದು ಬರೆದು, ಕೊನೆಯ ಹೆಸರಿಗೆ ಚೌಕ ಕಂಸ ಹಾಕಿ ಒಳಗೊಂದು ಪ್ರಶ್ನೆಚಿಹ್ನೆ ಇಟ್ಟೆ. ಖಚಿತವಿಲ್ಲದ ಹೆಸರನ್ನು ಹಾಗೆ ಬರೆಯಬೇಕೆಂಬುದು ನಮ್ಮ ಸೂಚೀಕರಣದ ಕಟ್ಟಳೆ. ಕರಡನ್ನು ಶರಣಮ್ಮನ ಕೈಗೆ ಕೊಟ್ಟೆ. ಬೆರಳು ಸರಿಯುತ್ತ ಸರಿಯುತ್ತ ತುದಿಗೆ ಬಂದು ನಿಂತಿತು.

"ಈ ಕೊಕ್ಕಿ ಏನ್ರಿ ಇಲ್ಲಿ?"

"ಖಾತ್ರಿ ಇಲ್ಲದಿದ್ರ ಹಾಕಬೇಕಾಗ್ತದ್ರಿ. ಕಾಶಿಬಾಯಿನೂ ಖಾತ್ರಿ ಹೇಳಲಿಲ್ಲಲ್ಲ."

ಶರಣಮ್ಮ ಕರಡನ್ನು ಮೇಜಿನ ಮೇಲಿಟ್ಟು, ಮಡಿಕೆ ಬೀಳದಂತೆ ಅಂಗೈಯಿಂದ ಸವರಿದರು.

"ನಮ್ಮತ್ತಿ ತೊಟ್ಟಲ ಹರದದ ಅಂದಾಗ ಯಾರೂ ಕೊಕ್ಕಿ ಹಾಕಲಿಲ್ಲಲ್ರಿ ಸರ" ಎಂದರು.

ನಾನು ಪೆನ್ನು ತೆಗೆದುಕೊಂಡು ಕಂಸ ಹೊಡೆದುಹಾಕಿದೆ, ಕೊಕ್ಕಿಯನ್ನೂ ಹೊಡೆದುಹಾಕಿದೆ. ದುರ್ಗವ್ವ ಎಂದು ಮತ್ತೊಮ್ಮೆ, ಬಿಡಿಸಿ ಬರೆದು, ಅಚ್ಚಿಗೆ ಕಳಿಸಿದೆ.